ಎಡವುವುದನ್ನು ಕಲಿತ ಯಂತ್ರ

ಕಂಪ್ಯೂಟರಿನ ಎದುರು ಚೆಸ್ ಆಡಿ ಬೇಸತ್ತವರೆಲ್ಲರದೂ ಒಂದು ಹಳೆಯ ದೂರು. ಅದರ ಮಟ್ಟವನ್ನು ಎಷ್ಟೇ ಇಳಿಸಿ, ಅದು ಮನುಷ್ಯರ ಹಾಗೆ ಆಡುವುದಿಲ್ಲ. ‘ಸುಲಭ’ ಎಂಬ ಗುಂಡಿ ಒತ್ತಿದರೂ ಮೊದಲ ಹತ್ತು ಹದಿನೈದು ನಡೆಗಳನ್ನು ಚಾಂಪಿಯನ್ನರ ಗತ್ತಿನಲ್ಲಿ ನಡೆಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತನ್ನ ಕ್ವೀನನ್ನು ತಂದು ನಿಮ್ಮ ಕಾಲಾಳಿನ ಬಾಯಿಗೆ ಒಡ್ಡುತ್ತದೆ. ಅದು ಎಡವಿದ್ದಲ್ಲ, ಬೇಕೆಂದೇ ಬಿದ್ದದ್ದು. ಒಳ್ಳೆಯ ನಡೆ ಯಾವುದೆಂದು ಅದಕ್ಕೆ ಚೆನ್ನಾಗಿಯೇ ಗೊತ್ತಿದೆ. ಆಗೀಗ ಕೆಟ್ಟದ್ದೊಂದನ್ನು ಆರಿಸಿಕೋ ಎಂದು ಮೊದಲೇ ಹೇಳಿಟ್ಟಿರುತ್ತಾರೆ. ಇಂಥ ಎದುರಾಳಿಯ ಮೇಲೆ ಗೆದ್ದರೆ ಹತ್ತು ವರ್ಷದ ಹುಡುಗಿಗೂ ಖುಷಿಯಾಗುವುದಿಲ್ಲ.

ನಿಜವಾದ ತಪ್ಪು ಹೀಗಿರುವುದಿಲ್ಲ. ಹೊಸದಾಗಿ ಕಲಿಯುತ್ತಿರುವವರು ಮೂಲೆಯಲ್ಲಿ ಅಡಗಿ ಕುಳಿತ ಬಿಷಪ್ಪನ್ನು ಕಾಣುವುದೇ ಇಲ್ಲ. ಕುದುರೆ ಎರಡೂವರೆ ಮನೆ ಹಾರಿ ಒಮ್ಮೆಗೇ ಎರಡು ಕಾಯಿಗಳ ಮೇಲೆ ಬೀಳುತ್ತದೆಂಬುದು ಅವರಿಗೆ ಹೊಳೆಯುವಷ್ಟರಲ್ಲಿ ಅದು ಬಿದ್ದಾಗಿರುತ್ತದೆ. ಸ್ವಲ್ಪ ಪಳಗಿದವರು ಈ ತಪ್ಪುಗಳನ್ನು ಬಿಟ್ಟು ಬೇರೆ ತಪ್ಪುಗಳಿಗೆ ಬಡ್ತಿ ಪಡೆಯುತ್ತಾರೆ. ಅಂದರೆ ಪ್ರಮಾದಗಳಿಗೂ ಒಂದು ಕ್ರಮವಿದೆ. ಕ್ರಮ ಇದೆಯೆಂದಾದರೆ ಅದನ್ನು ಕಲಿಯಬಹುದು, ಯಂತ್ರಕ್ಕೂ ಕಲಿಸಬಹುದು.

2020ರಲ್ಲಿ ನಾಲ್ವರು ಸಂಶೋಧಕರು ಹೀಗೆ ಕಲಿಸಿದ ಯಂತ್ರವನ್ನು ಜಗತ್ತಿನ ಮುಂದಿಟ್ಟರು. ಟೊರಾಂಟೊ ವಿಶ್ವವಿದ್ಯಾಲಯದ ರೀಡ್ ಮೆಕಿಲ್‌ರಾಯ್-ಯಂಗ್ ಮತ್ತು ಆ್ಯಷ್ಟನ್ ಆ್ಯಂಡರ್ಸನ್, ಕಾರ್ನೆಲ್‌ನ ಜಾನ್ ಕ್ಲೈನ್‌ಬರ್ಗ್, ಮೈಕ್ರೊಸಾಫ್ಟ್ ರಿಸರ್ಚ್‌ನ ಸಿದ್ಧಾರ್ಥ ಸೇನ್. ಯಂತ್ರದ ಹೆಸರು ಮಾಯಾ. ಅದಕ್ಕೆ ಕೊಟ್ಟ ಕೆಲಸ ಗೆಲ್ಲುವುದಲ್ಲ. ಈ ಮಣೆಯ ಮುಂದೆ, ಇಷ್ಟು ರೇಟಿಂಗ್ (ಆಟದ ಬಲ ಅಳೆಯುವ ಅಂಕ) ಇರುವ ಮನುಷ್ಯ ಕುಳಿತಿದ್ದರೆ ಮುಂದಿನ ನಡೆ ಏನು ನಡೆಸುತ್ತಾನೆ ಎಂದು ಊಹಿಸುವುದು, ಅಷ್ಟೇ.

ಇದಕ್ಕೆ ಬೇಕಾದ ಮೇವು ಸಿಕ್ಕಿದ್ದು ಲೈಚೆಸ್ ಎಂಬ ಜಾಲತಾಣದಿಂದ. ಫ್ರಾನ್ಸಿನ ಥಿಬೊ ಡುಪ್ಲೆಸಿ 2010ರಲ್ಲಿ ಶುರುಮಾಡಿದ, ಜಾಹೀರಾತಿಲ್ಲದ, ಶುಲ್ಕವಿಲ್ಲದ, ದೇಣಿಗೆಯಿಂದ ನಡೆಯುವ ತಾಣ ಅದು. ತಿಂಗಳಿಗೆ ಕೋಟಿಗಟ್ಟಲೆ ಆಟ ನಡೆಯುವ ಈ ಅಂಗಳದ ಪ್ರತಿಯೊಂದು ರೇಟೆಡ್ ಪಂದ್ಯದ ದಾಖಲೆಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ತೆರೆದಿಟ್ಟಿದ್ದಾರೆ. ನಮ್ಮ ಮನೆಯ ಮಕ್ಕಳು ರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು ಆಡಿ ಸೋತ ಆಟವೂ ಅದರಲ್ಲಿ ಸೇರಿರುತ್ತದೆ. ಹಿಂದೆ ಯಂತ್ರಕ್ಕೆ ಪಾಠ ಹೇಳಲು ಗ್ರ್ಯಾಂಡ್‌ಮಾಸ್ಟರುಗಳ ಆಟಗಳನ್ನು ಹುಡುಕುತ್ತಿದ್ದರು. ಮಾಯಾಳ ಗುರುಗಳು ಸಾಮಾನ್ಯರು. ಅವರ ಪಾಠದ ಮುಖ್ಯ ಭಾಗ ಅವರ ಸೋಲು.

ಸಂಶೋಧಕರು ಈ ರಾಶಿಯನ್ನು ರೇಟಿಂಗ್ ಪ್ರಕಾರ ಬೇರ್ಪಡಿಸಿದರು. 1100ರ ಆಸುಪಾಸಿನವರು ತಮ್ಮ ಸಮಬಲರ ಜೊತೆ ಆಡಿದ್ದು ಒಂದು ಗುಡ್ಡೆ, 1200ರವರದು ಇನ್ನೊಂದು. ಹೀಗೆ 1900ರವರೆಗೆ ಒಂಬತ್ತು. ಒಂದೊಂದು ಗುಡ್ಡೆಯಲ್ಲೂ 1 ಕೋಟಿ 20 ಲಕ್ಷ ಆಟ. ಒಂಬತ್ತು ಗುಡ್ಡೆಗೆ ಒಂಬತ್ತು ಮಾಯಾ. ಗಡಿಯಾರದಲ್ಲಿ ಸಮಯ ಮುಗಿಯುತ್ತ ಬಂದಾಗ ಗಾಬರಿಯಲ್ಲಿ ಒತ್ತಿದ ನಡೆಗಳನ್ನು ಪಕ್ಕಕ್ಕಿಟ್ಟರು. ಆರಂಭದ ನಡೆಗಳನ್ನೂ ಬಿಟ್ಟರು, ಏಕೆಂದರೆ ಅವು ಬಾಯಿಪಾಠ. ಅಲ್ಲಿ ಯೋಚನೆ ಇರುವುದಿಲ್ಲ.

ಕಲಿಕೆಯ ಬಗೆ ಹೇಳಲು ಸರಳ. ನ್ಯೂರಲ್ ನೆಟ್‌ವರ್ಕಿಗೆ, ಅಂದರೆ ಯಂತ್ರದ ಒಳಗಿನ ಲೆಕ್ಕದ ಜಾಲಕ್ಕೆ, ಮಣೆಯ ಸ್ಥಿತಿ ತೋರಿಸುತ್ತಾರೆ. ಸಾಧ್ಯವಿರುವ ಪ್ರತಿ ನಡೆಗೂ ಅದು ಒಂದು ಸಂಭವನೀಯತೆ ಕೊಡುತ್ತದೆ. ಆ ಆಟದಲ್ಲಿ ಮನುಷ್ಯ ನಿಜಕ್ಕೂ ನಡೆಸಿದ್ದೇನು ಎಂದು ಹೋಲಿಸಿ, ಊಹೆ ತಪ್ಪಿದ್ದರೆ ಒಳಗಿನ ಲಕ್ಷಾಂತರ ಅಂಕಿಗಳನ್ನು ಒಂದಿಷ್ಟು ತಿರುಗಿಸುತ್ತಾರೆ. ಮತ್ತೆ ಇನ್ನೊಂದು ಸ್ಥಿತಿ, ಮತ್ತೆ ಊಹೆ. ಇದು ಕೋಟಿ ಕೋಟಿ ಸಲ. ಮಾಯಾಳ ಜಾಲದ ವಿನ್ಯಾಸ ತನ್ನೊಡನೆ ತಾನೇ ಆಡಿ ಕಲಿತ ಆಲ್ಫಾಜೀರೊ ಎಂಬ ಯಂತ್ರದ ಬಹಿರಂಗ ಮರುಸೃಷ್ಟಿಯಾದ ಲೀಲಾದ್ದೇ, ಆದರೆ ಒಂದು ದೊಡ್ಡ ಅಂಗವನ್ನು ಕತ್ತರಿಸಿದ್ದಾರೆ. ಚೆಸ್ ಯಂತ್ರಗಳೆಲ್ಲ ‘ನಾನು ಹೀಗೆ ನಡೆಸಿದರೆ ಅವನು ಹಾಗೆ, ಆಮೇಲೆ ನಾನು...’ ಎಂದು ಮುಂದಕ್ಕೆ ಲಕ್ಷಗಟ್ಟಲೆ ಕವಲುಗಳನ್ನು ಎಣಿಸುತ್ತವಲ್ಲ, ಆ ಎಣಿಕೆ ಇಲ್ಲಿಲ್ಲ. ಮಾಯಾ ಮಣೆಯನ್ನು ನೋಡುತ್ತದೆ, ಕೈಗೆ ತೋಚಿದ್ದನ್ನು ನಡೆಸುತ್ತದೆ. ಮುಂದಕ್ಕೆ ಎಣಿಸಲು ಬಿಟ್ಟಾಗ ಊಹೆಯ ನಿಖರತೆ ಕಡಿಮೆಯಾಯಿತು.

ಮನಃಶಾಸ್ತ್ರ ಓದಿದವರಿಗೆ ಇದು ಅಷ್ಟೇನೂ ಅಚ್ಚರಿ ತರಲಾರದು. ಡಚ್ ಮನಃಶಾಸ್ತ್ರಜ್ಞ ಆ್ಯಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲೇ ಕಂಡುಕೊಂಡದ್ದು ಇದನ್ನೇ: ಶ್ರೇಷ್ಠ ಆಟಗಾರರು ಸಾಧಾರಣ ಆಟಗಾರರಿಗಿಂತ ತೀರಾ ಹೆಚ್ಚು ಮುಂದಕ್ಕೆ ಎಣಿಸುವುದಿಲ್ಲ, ಅವರ ಕಣ್ಣು ಮೊದಲೇ ಸರಿಯಾದ ಜಾಗಕ್ಕೆ ಹೋಗುತ್ತದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಪ್ರಕಟಿಸಿದ ಪ್ರಯೋಗ ಇನ್ನೂ ಸೊಗಸು. ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಮರಳಿ ಜೋಡಿಸುತ್ತಾನೆ. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಅವನೂ ಹೊಸಬನೂ ಹೆಚ್ಚುಕಮ್ಮಿ ಒಂದೇ. ಅವನಿಗೆ ನೆನಪಿರುವುದು ಕಾಯಿಗಳಲ್ಲ, ಅವು ಸೇರಿ ಆಗುವ ಆಕೃತಿಗಳು. ನ್ಯೂರಲ್ ನೆಟ್‌ವರ್ಕ್ ಹಿಡಿಯುವುದೂ ಆಕೃತಿಗಳನ್ನೇ.

ಫಲಿತಾಂಶ ಹೇಗಿತ್ತು? ಆಟದ ನಡುವೆ ಒಂದು ಸ್ಥಿತಿಯಲ್ಲಿ ಸಾಮಾನ್ಯವಾಗಿ ಮೂವತ್ತರಷ್ಟು ನಡೆಗಳು ಸಾಧ್ಯ. ಕಣ್ಣುಮುಚ್ಚಿ ಊಹಿಸಿದರೆ ನೂರಕ್ಕೆ ಮೂರು ಸಲ ಸರಿಹೋದೀತು. ಯಾವ ಮನುಷ್ಯನೂ ಗೆಲ್ಲಲಾಗದ ಸ್ಟಾಕ್‌ಫಿಶ್ ಎಂಬ ಯಂತ್ರದ ನಡೆ ಮನುಷ್ಯರ ನಡೆಯೊಂದಿಗೆ ತಾಳೆಯಾಗುವುದು ಶೇ 40ರ ಆಸುಪಾಸು. ಮಾಯಾ ಶೇ 50 ದಾಟಿತು. ಅಂತರ ಸಣ್ಣದೆನಿಸಬಹುದು. ಆದರೆ ಇಲ್ಲಿ ನೂರಕ್ಕೆ ನೂರು ಯಾರಿಗೂ ಸಾಧ್ಯವಿಲ್ಲ. ಒಂದೇ ಸ್ಥಿತಿಯನ್ನು ಒಬ್ಬರ ಮುಂದೆಯೇ ಎರಡು ದಿನ ಇಟ್ಟರೆ ಎರಡು ಬೇರೆ ನಡೆ ನಡೆಸಬಹುದು. ಅಂಕಿಗಿಂತ ಮುಖ್ಯವಾದದ್ದು ಅದರ ಆಕಾರ. ಸ್ಟಾಕ್‌ಫಿಶ್‌ನ ಬಲ ತಗ್ಗಿಸುತ್ತ ಹೋದರೆ ಅದು ದುರ್ಬಲ ಆಟಗಾರರಿಗೆ ಹತ್ತಿರವಾಗಲಿಲ್ಲ. ಮಾಯಾಗಳಲ್ಲಿ ಮಾತ್ರ 1100ರದ್ದು 1100ರವರನ್ನು, 1900ರದ್ದು 1900ರವರನ್ನು ಚೆನ್ನಾಗಿ ಹಿಡಿಯಿತು. ಆಟಗಾರರು ಭೀಕರ ಪ್ರಮಾದ ಎಸಗಿದ ಸಂದರ್ಭಗಳಲ್ಲೂ, ಅಂದರೆ ಕೈಯಾರೆ ಕಾಯಿ ಕೊಟ್ಟ ಗಳಿಗೆಗಳಲ್ಲೂ, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಅದೇ ತಪ್ಪು ನಡೆಯನ್ನು ಅದು ಮೊದಲೇ ಹೇಳಿತು. ನಾವು ಎಲ್ಲಿ ಬೀಳುತ್ತೇವೆಂದು ಯಂತ್ರಕ್ಕೆ ಮೊದಲೇ ಗೊತ್ತು ಎಂಬುದನ್ನು ಅರಗಿಸಿಕೊಳ್ಳಲು ನನಗಂತೂ ಕೊಂಚ ಹೊತ್ತು ಬೇಕಾಯಿತು.

ಈ ಕೆಲಸಕ್ಕೆ ಬೇರು ಇರುವುದು 2016ರ ಇನ್ನೊಂದು ಅಧ್ಯಯನದಲ್ಲಿ. ಅದು ಮಾಯಾದಷ್ಟು ಸುದ್ದಿಯಾಗಲಿಲ್ಲ, ಆದರೆ ನನ್ನ ಮಟ್ಟಿಗೆ ಹೆಚ್ಚು ಆಳವಾದದ್ದು. ಆ್ಯಂಡರ್ಸನ್, ಕ್ಲೈನ್‌ಬರ್ಗ್ ಜೊತೆ ಅರ್ಥಶಾಸ್ತ್ರಜ್ಞ ಸೆಂಥಿಲ್ ಮುಲ್ಲೈನಾಥನ್ ಸೇರಿ ಮಾಡಿದ್ದು. ಮನುಷ್ಯ ತಪ್ಪುವುದು ಏಕೆ ಎಂದು ಕೇಳಬೇಕಾದರೆ ಮೊದಲು ತಪ್ಪು ಯಾವುದೆಂದು ನಿಸ್ಸಂದೇಹವಾಗಿ ಗೊತ್ತಿರಬೇಕಲ್ಲ? ವೈದ್ಯರ ನಿರ್ಧಾರದಲ್ಲಾಗಲಿ ನ್ಯಾಯಾಧೀಶರ ತೀರ್ಪಿನಲ್ಲಾಗಲಿ ಆ ಸೌಲಭ್ಯವಿಲ್ಲ. ಚೆಸ್‌ನಲ್ಲಿ, ಮಣೆಯ ಮೇಲೆ ಆರು ಕಾಯಿ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ, ಅದು ಇದೆ. ಅಂಥ ಎಲ್ಲ ಸ್ಥಿತಿಗಳನ್ನೂ ಕಂಪ್ಯೂಟರುಗಳು ಪೂರ್ತಿ ಬಿಡಿಸಿ ಕೋಷ್ಟಕದಲ್ಲಿ ಬರೆದಿಟ್ಟಿವೆ. ಯಾವ ನಡೆ ಗೆಲುವನ್ನು ಕೈಬಿಡುತ್ತದೆ, ಯಾವುದು ಡ್ರಾ ಆಗಬೇಕಾದ್ದನ್ನು ಸೋಲಾಗಿಸುತ್ತದೆ ಎಂಬುದರಲ್ಲಿ ಅಭಿಪ್ರಾಯಕ್ಕೆ ಎಡೆಯೇ ಇಲ್ಲ.

ಆ ಕೋಷ್ಟಕವನ್ನು ಹಿಡಿದು ಅವರು ಅಂತರ್ಜಾಲದ ಹವ್ಯಾಸಿಗಳ ಹಾಗೂ ಗ್ರ್ಯಾಂಡ್‌ಮಾಸ್ಟರುಗಳ ಆಟಗಳನ್ನು ಜಾಲಾಡಿದರು. ತಪ್ಪಿಗೆ ಮೂರು ಕಾರಣಗಳನ್ನು ತೂಗಿ ನೋಡಿದರು: ಆಟಗಾರರ ಕೌಶಲ, ಕೈಯಲ್ಲಿದ್ದ ಸಮಯ, ಸ್ಥಿತಿಯ ಕಠಿಣತೆ. ಕಠಿಣತೆಯನ್ನು ಅಳೆದ ಬಗೆ ಬಹಳ ಸರಳ. ಸಾಧ್ಯವಿರುವ ನಡೆಗಳಲ್ಲಿ ಎಷ್ಟು ಪಾಲು ಪ್ರಮಾದ? ಹತ್ತರಲ್ಲಿ ಒಂಬತ್ತು ನಡೆ ಗುಂಡಿಗೆ ಒಯ್ಯುವುದಾದರೆ ಅದು ಕಠಿಣ ಜಾಗ. ಕೌಶಲವೂ ಸಮಯವೂ ದೊಡ್ಡ ಪಾತ್ರ ವಹಿಸುತ್ತವೆಂದೇ ನಾವೆಲ್ಲ ಅಂದುಕೊಂಡೇವು. ಹಾಗಾಗಲಿಲ್ಲ. ತಪ್ಪು ಆಗುತ್ತದೋ ಇಲ್ಲವೋ ಎಂದು ಊಹಿಸಲು ಉಳಿದೆರಡಕ್ಕಿಂತ ಕಠಿಣತೆಯೇ ಬಹಳ ಹೆಚ್ಚು ನೆರವಾಯಿತು. ಯಾರು ಕುಳಿತಿದ್ದಾರೆ ಎನ್ನುವುದಕ್ಕಿಂತ ಎಲ್ಲಿ ಕುಳಿತಿದ್ದಾರೆ ಎನ್ನುವುದು ಮುಖ್ಯವಾಯಿತು. ಇನ್ನೊಂದು ವಿಚಿತ್ರವೂ ಬಯಲಾಯಿತು: ಕೆಲವು ಸ್ಥಿತಿಗಳಲ್ಲಿ ರೇಟಿಂಗ್ ಏರಿದಷ್ಟೂ ತಪ್ಪು ಹೆಚ್ಚು. ಬಹುಶಃ ಪಳಗಿದವರಿಗೆ ಗೊತ್ತಿರುವ ಯಾವುದೋ ಒಳ್ಳೆಯ ನಿಯಮ ಅಲ್ಲಿ ಅವರನ್ನೇ ದಾರಿ ತಪ್ಪಿಸುತ್ತದೆ, ಆ ನಿಯಮವಿನ್ನೂ ಗೊತ್ತಿರದ ಹೊಸಬ ಪಾರಾಗುತ್ತಾನೆ. ರೇಟಿಂಗ್ ಪಾಯಿಂಟುಗಳ ಹಿಂದೆ ಬಿದ್ದಿರುವ ಪೋಷಕರಿಗೆ ಈ ಅಧ್ಯಯನವನ್ನು ಯಾರಾದರೂ ಓದಿ ಹೇಳಬೇಕು.

ಮಾಯಾ ಬಳಗಕ್ಕೆ, ಗುಂಪುಗಳಿಂದ ಒಬ್ಬೊಬ್ಬ ಮನುಷ್ಯನ ಕಡೆಗೆ ಹೋಗುವುದು ಮುಂದಿನ ಹೆಜ್ಜೆಯಾಗಿತ್ತು. 2021ರಲ್ಲಿ ಅದೇ ಬಳಗದವರು ಪ್ರಕಟಿಸಿದ ಪ್ರಬಂಧ ಚೆಸ್ ಆಟದ ಬೆರಳಚ್ಚನ್ನು ಕುರಿತದ್ದು. ಒಬ್ಬ ಆಟಗಾರನ 100 ಆಟಗಳನ್ನು ಕೊಟ್ಟರೆ, ಸಾವಿರಾರು ಜನರ ನಡುವಿನಿಂದ ಅವನನ್ನು ಶೇ 98ರಷ್ಟು ನಿಖರವಾಗಿ ಎತ್ತಿ ತೋರಿಸುವ ಜಾಲವನ್ನು ಅವರು ಕಟ್ಟಿದ್ದರು. ಹೆಸರು, ಊರು, ಯಾವುದೂ ಇಲ್ಲ, ಬರೀ ನಡೆಗಳು. ಆರಂಭದ ನಡೆಗಳಿಂದ ಸುಲಭವಾಗಿ ಪತ್ತೆಯಾಗಬಹುದೆಂದು ಅವನ್ನು ತೆಗೆದುಹಾಕಿದಾಗಲೂ ಗುರುತು ಅಳಿಸಿಹೋಗಲಿಲ್ಲ. ಆಡುವ ರೀತಿಯೇ ಗುರುತಿನ ಚೀಟಿಯಾಗುವುದಾದರೆ ಬೇರೆ ಹೆಸರಿನಲ್ಲಿ ಖಾತೆ ತೆರೆದು ಅಡಗಿಕೊಳ್ಳುವುದಕ್ಕೆ ಅರ್ಥವಿಲ್ಲ. ಇದು ಚೆಸ್‌ಗೆ ಮಾತ್ರ ಸೀಮಿತವಾಗಿರುತ್ತದೆ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಮೋಸ ಹಿಡಿಯುವುದಕ್ಕೂ ಇದೇ ಅಳತೆಗೋಲು. 2021ರ ಜೂನ್‌ನಲ್ಲಿ, ಕೋವಿಡ್ ಪರಿಹಾರ ನಿಧಿಗಾಗಿ ವಿಶ್ವನಾಥನ್ ಆನಂದ್ ಅವರು ಹಲವು ಗಣ್ಯರೊಡನೆ ಆನ್‌ಲೈನ್ ಪಂದ್ಯ ಆಡಿದ್ದು ನೆನಪಿರಬಹುದು. ಬೆಂಗಳೂರಿನ ಉದ್ಯಮಿಯೊಬ್ಬರು ಆನಂದ್‌ರನ್ನೇ ಸೋಲಿಸಿದಾಗ ಗುಲ್ಲೆದ್ದಿತು, ಮರುದಿನ ಅವರೇ ಕಂಪ್ಯೂಟರಿನ ಸಹಾಯ ಪಡೆದದ್ದನ್ನು ಒಪ್ಪಿಕೊಂಡರು. ಹವ್ಯಾಸಿಯ ಮಟ್ಟದಲ್ಲಿ ಯಾರೂ ನಡೆಸದ ನಡೆಗಳು ಸಾಲಾಗಿ ಬಂದರೆ ಅನುಮಾನ ಬಂದೇ ಬರುತ್ತದೆ. ಹಾಗಿದ್ದರೆ ಹವ್ಯಾಸಿಗಳಂತೆಯೇ ಆಡುವ, ಬೇಕಾದಷ್ಟೇ ತಪ್ಪುವ ಯಂತ್ರವನ್ನು ಕಿಸೆಯಲ್ಲಿಟ್ಟುಕೊಂಡವನನ್ನು ಹಿಡಿಯುವುದು ಹೇಗೆ? ಮನುಷ್ಯರ ನಡೆಯನ್ನು ಅಚ್ಚುಕಟ್ಟಾಗಿ ಕಲಿತ ಯಂತ್ರ ಪೊಲೀಸನಿಗೂ ಸಿಗುತ್ತದೆ, ಕಳ್ಳನಿಗೂ ಸಿಗುತ್ತದೆ.

ಇಲ್ಲಿಯವರೆಗಿನ ಕಥೆ ಓದಿದರೆ ಮನುಷ್ಯರನ್ನು ನೋಡಿ ಕಲಿಯುವುದು ಹೊಸ ವಿದ್ಯೆ ಎನ್ನಿಸೀತು. ಹಾಗೇನಿಲ್ಲ. ಐಬಿಎಂನ ಆರ್ಥರ್ ಸ್ಯಾಮುಯೆಲ್ ತನ್ನ ಚೆಕರ್ಸ್ ಪ್ರೋಗ್ರಾಮಿನ ಬಗ್ಗೆ 1959ರಲ್ಲಿ ಬರೆದ ಪ್ರಬಂಧದಲ್ಲೇ ಪುಸ್ತಕಗಳಲ್ಲಿ ದಾಖಲಾದ ನುರಿತವರ ನಡೆಗಳೊಡನೆ ಯಂತ್ರದ ಆಯ್ಕೆಯನ್ನು ಹೋಲಿಸಿ ತಿದ್ದುವ ವಿಚಾರವಿದೆ. 1997ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಯಂತ್ರ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಎಣಿಸುತ್ತಿತ್ತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದರ ಹೊಟ್ಟೆಯಲ್ಲಿ ಗ್ರ್ಯಾಂಡ್‌ಮಾಸ್ಟರುಗಳ 7 ಲಕ್ಷ ಆಟಗಳಿಂದ ಬಸಿದು ತೆಗೆದ ಆರಂಭದ ಪಾಠವೂ ಇತ್ತು ಎಂಬುದನ್ನು ಹೆಚ್ಚಿನವರು ಹೇಳುವುದಿಲ್ಲ. ಆದರೆ ಇವಕ್ಕೆಲ್ಲ ಮನುಷ್ಯ ಒಂದು ಏಣಿ ಮಾತ್ರ. ಹತ್ತಿದ ಮೇಲೆ ಒದೆಯಬಹುದಾದ ಏಣಿ.

ಒದೆಯುವತ್ತ ಹೊರಟದ್ದು ಆಲ್ಫಾಗೋ. ಹತ್ತೊಂಬತ್ತು ಗೆರೆಗಳ ಮಣೆಯ ಮೇಲೆ ಕಪ್ಪು ಬಿಳಿ ಹರಳುಗಳನ್ನಿಡುವ ‘ಗೋ’ ಆಟಕ್ಕೆ ಚೀನಾ, ಕೊರಿಯಾ, ಜಪಾನ್‌ಗಳಲ್ಲಿ ನಮ್ಮ ಚದುರಂಗಕ್ಕಿಂತ ಹೆಚ್ಚಿನ ಗೌರವ. ಲಂಡನ್ನಿನ ಡೀಪ್‌ಮೈಂಡ್ ತಂಡ ಕೆಜಿಎಸ್ ಎಂಬ ಆನ್‌ಲೈನ್ ಅಂಗಳದಲ್ಲಿ ಒಳ್ಳೆಯ ಆಟಗಾರರು ಆಡಿದ ಆಟಗಳಿಂದ 3 ಕೋಟಿ ಸ್ಥಿತಿಗಳನ್ನು ತೆಗೆದು ಜಾಲಕ್ಕೆ ತೋರಿಸಿತು. ಮನುಷ್ಯರ ಮುಂದಿನ ನಡೆಯನ್ನು ಶೇ 57ರಷ್ಟು ಸರಿಯಾಗಿ ಊಹಿಸುವ ಮಟ್ಟಕ್ಕೆ ಅದು ಬಂತು. ನಂತರ ತನ್ನೊಡನೆ ತಾನೇ ಆಡಿ ಇನ್ನಷ್ಟು ಬಲಿಯಿತು. ಅವರ 2016ರ ಪ್ರಬಂಧದಲ್ಲಿ ಒಂದು ಕುತೂಹಲದ ಸಾಲು ಅಡಗಿದೆ. ತನ್ನೊಡನೆ ಆಡಿ ಬಲಿತ ಜಾಲ ನೇರ ಕಾದಾಟದಲ್ಲಿ ಮನುಷ್ಯರನ್ನು ಅನುಕರಿಸುವ ಜಾಲವನ್ನು ಸೋಲಿಸುತ್ತಿತ್ತು. ಆದರೂ ಯಾವ ನಡೆಗಳನ್ನು ಆಳವಾಗಿ ಪರಿಶೀಲಿಸಬೇಕೆಂದು ಸೂಚಿಸುವ ಕೆಲಸಕ್ಕೆ ಅನುಕರಿಸುವ ಜಾಲವೇ ಹೆಚ್ಚು ಒದಗಿಬಂತು. ಮನುಷ್ಯರು ಒಂದೇ ನಡೆಗೆ ಜೋತುಬೀಳದೆ ಬಗೆಬಗೆಯ ಒಳ್ಳೆಯ ನಡೆಗಳನ್ನು ಪರಿಗಣಿಸುವುದೇ ಇದಕ್ಕೆ ಕಾರಣವಿರಬೇಕು ಎಂದು ಸಂಶೋಧಕರು ಊಹಿಸಿದರು.

2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಕೊರಿಯಾದ ಅಗ್ರ ಗೋ ಆಟಗಾರ ಲೀ ಸೆಡೋಲ್ ಅವರನ್ನು 4–1ರಿಂದ ಸೋಲಿಸಿತು. ಎರಡನೇ ಆಟದ 37ನೇ ನಡೆ ಇಂದಿಗೂ ಚರ್ಚೆಯಾಗುತ್ತದೆ. ಅದನ್ನು ಮನುಷ್ಯನೊಬ್ಬ ಆಡುವ ಸಂಭವ ಹತ್ತು ಸಾವಿರಕ್ಕೆ ಒಂದು ಎಂದು ಯಂತ್ರವೇ ಲೆಕ್ಕ ಹಾಕಿತ್ತು. ಆ ಲೆಕ್ಕ ಅದಕ್ಕೆ ಗೊತ್ತಿದ್ದದ್ದು ಮನುಷ್ಯರನ್ನು ನೋಡಿ ಕಲಿತಿದ್ದರಿಂದ, ಗೊತ್ತಿದ್ದೂ ಆಡಿತು. ಮರುವರ್ಷ ಬಂದ ಆಲ್ಫಾಗೋ ಜೀರೊ ಮನುಷ್ಯರ ಒಂದೇ ಒಂದು ಆಟವನ್ನೂ ನೋಡದೆ, ನಿಯಮಗಳನ್ನಷ್ಟೇ ತಿಳಿದು, ಮೂರು ದಿನ ತನ್ನೊಡನೆ ಆಡಿ, ಲೀ ಅವರನ್ನು ಗೆದ್ದ ಆವೃತ್ತಿಯನ್ನು 100–0ರಿಂದ ಮಣಿಸಿತು. ಹೋಲಿಕೆಗೆಂದು ಅದೇ ವಿನ್ಯಾಸದ ಇನ್ನೊಂದು ಜಾಲಕ್ಕೆ ಮನುಷ್ಯರ ಆಟಗಳಿಂದ ಪಾಠ ಹೇಳಿದ್ದರು. ವೃತ್ತಿಪರರ ನಡೆಯನ್ನು ಊಹಿಸುವುದರಲ್ಲಿ ಆ ಜಾಲ ಮುಂದಿತ್ತು, ಗೆಲ್ಲುವುದರಲ್ಲಿ ಹಿಂದೆ ಬಿತ್ತು. ಚೆನ್ನಾಗಿ ಆಡುವುದೂ ಮನುಷ್ಯರಂತೆ ಆಡುವುದೂ ಎರಡು ಬೇರೆ ದಾರಿಗಳೆಂದು ಅಂದು ಖಾತ್ರಿಯಾಯಿತು. ಆಗ ಪತ್ರಿಕೆಗಳಲ್ಲಿ ಬಂದ ತೀರ್ಮಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಯಂತ್ರಕ್ಕಿನ್ನು ಮನುಷ್ಯ ಬೇಕಾಗಿಲ್ಲ.

ಆ ತೀರ್ಮಾನ ಅವಸರದ್ದಾಗಿತ್ತು. ಡೀಪ್‌ಮೈಂಡ್‌ನದೇ ಮುಂದಿನ ಯಂತ್ರ ಆಲ್ಫಾಸ್ಟಾರ್ ಇದಕ್ಕೆ ಸಾಕ್ಷಿ. ಸ್ಟಾರ್‌ಕ್ರಾಫ್ಟ್ 2 ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ಸರದಿ ಎಂಬುದಿಲ್ಲ, ಇಬ್ಬರೂ ಒಟ್ಟೊಟ್ಟಿಗೆ ಗಣಿ ಅಗೆಯುತ್ತಾರೆ, ಕಟ್ಟಡ ಕಟ್ಟುತ್ತಾರೆ, ಸೈನ್ಯ ಕಳಿಸುತ್ತಾರೆ. ಎದುರಾಳಿಯ ನೆಲ ಕತ್ತಲೆಯಲ್ಲಿರುತ್ತದೆ. ಪ್ರತಿ ಗಳಿಗೆಯಲ್ಲೂ ಸಾಧ್ಯವಿರುವ ಆಯ್ಕೆಗಳು ಎಣಿಕೆಗೆ ಸಿಗದಷ್ಟು. ಬರಿಗೈಯಲ್ಲಿ ಕಲಿಯಲು ಬಿಟ್ಟ ಯಂತ್ರ ಇಂಥ ಬಯಲಿನಲ್ಲಿ ದಿಕ್ಕೆಡುತ್ತದೆ. ಹಾಗಾಗಿ ಒಳ್ಳೆಯ ಆಟಗಾರರ 9 ಲಕ್ಷ 71 ಸಾವಿರ ಆಟಗಳ ಮರುಪ್ರಸಾರವನ್ನು ಅದಕ್ಕೆ ತೋರಿಸಿದರು. ಬರೀ ಆ ಅನುಕರಣೆಯಿಂದಲೇ ಅದು ಶೇ 84ರಷ್ಟು ಆಟಗಾರರಿಗಿಂತ ಮೇಲೆ ನಿಂತಿತು. ತನ್ನದೇ ಪ್ರತಿರೂಪಗಳ ಜೊತೆ ಸೆಣಸಿ ಕಡೆಗೆ ಶೇ 99.8ಕ್ಕಿಂತ ಮೇಲೇರಿತು, 2019ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಏಣಿಯನ್ನು ಮಾತ್ರ ಅದು ಒದೆಯಲಿಲ್ಲ. ಸೆಣಸಾಟದ ಉದ್ದಕ್ಕೂ ಮನುಷ್ಯರ ಆಟದ ಬಗೆಯಿಂದ ತೀರಾ ದೂರ ಸರಿದರೆ ದಂಡ ಹಾಕುವ ವ್ಯವಸ್ಥೆ ಇತ್ತು. ಯಾವುದೋ ಒಬ್ಬ ಮನುಷ್ಯ ಮೊದಲ ಇಪ್ಪತ್ತು ಕಟ್ಟಡ, ಸೈನಿಕರನ್ನು ನಿರ್ಮಿಸಿದ ಅನುಕ್ರಮವನ್ನೇ ಗುರಿಯಾಗಿ ಕೊಡುತ್ತಿದ್ದರು. ಇದನ್ನು ತೆಗೆದರೆ ಯಂತ್ರ ಕುಸಿಯುತ್ತಿತ್ತು.

ಅದಕ್ಕೂ ಮೊದಲು, 2018ರ ಡಿಸೆಂಬರಿನಲ್ಲಿ, ಇಬ್ಬರು ವೃತ್ತಿಪರರ ಮೇಲೆ ಆಲ್ಫಾಸ್ಟಾರ್ ತಲಾ 5–0ರಿಂದ ಗೆದ್ದಾಗ ಆಟಗಾರರು ತಕರಾರು ತೆಗೆದಿದ್ದರು. ಯಂತ್ರದ ಬೆರಳುಗಳಿಗೆ ದಣಿವಿಲ್ಲ, ಕಾದಾಟದ ಗಳಿಗೆಗಳಲ್ಲಿ ಯಾವ ಮನುಷ್ಯನೂ ಒತ್ತಲಾರದಷ್ಟು ವೇಗದಲ್ಲಿ ಅದು ಒತ್ತುತ್ತಿತ್ತು. ಇದು ತಂತ್ರಗಾರಿಕೆಯ ಗೆಲುವೋ ಕೈಚಳಕದ ಗೆಲುವೋ? ತಕರಾರು ನ್ಯಾಯವಾಗಿತ್ತು. ಮುಂದೆ ವೇಗಕ್ಕೆ ಕಡಿವಾಣ ಹಾಕಿದರು.

ಇಷ್ಟಾದರೂ ಇವೆಲ್ಲ ಒಬ್ಬನನ್ನು ಇನ್ನೊಬ್ಬ ಸೋಲಿಸುವ ಆಟಗಳು. ಇಬ್ಬರೇ ಇರುವ ಜಗಳದಲ್ಲಿ ಎದುರಾಳಿ ಯಾರೇ ಆಗಿರಲಿ, ಅತ್ಯುತ್ತಮವಾಗಿ ಆಡಿದರೆ ಸಾಕು. ಮೂರನೆಯವರು ಬಂದು ಕುಳಿತ ಕೂಡಲೇ ಲೆಕ್ಕ ಬದಲಾಗುತ್ತದೆ. ಈಗ ಗೆಲ್ಲಲು ಜೊತೆಗಾರ ಬೇಕು. ಜೊತೆಗಾರನ ಮನಸ್ಸು ಬೇಕು. ಮನುಷ್ಯರನ್ನೇ ನೋಡದೆ ತನ್ನ ಪ್ರತಿರೂಪಗಳ ಜೊತೆ ಬೆಳೆದ ಯಂತ್ರ ಇಲ್ಲಿ ಸೋಲುತ್ತದೆ. ರಸ್ತೆಯ ಬಲಬದಿಯಲ್ಲಿ ಓಡಿಸುವುದೇ ಸರಿಯೆಂದು ಖಾಲಿ ಮೈದಾನದಲ್ಲಿ ತಾವೇ ತೀರ್ಮಾನಿಸಿಕೊಂಡ ಚಾಲಕರ ಗುಂಪೊಂದನ್ನು ನೆನೆಯಿರಿ. ತಮ್ಮತಮ್ಮಲ್ಲಿ ಅವರಿಗೆ ಒಂದೂ ಅಪಘಾತವಿಲ್ಲ. ಮೈಸೂರು ರಸ್ತೆಗೆ ಬಂದ ದಿನ ತಿಳಿಯುತ್ತದೆ.

ಈ ವಿಷಯವನ್ನು ನಿಚ್ಚಳವಾಗಿ ತೋರಿಸಿದ ಆಟ ಡಿಪ್ಲೊಮಸಿ. ಅಮೆರಿಕದ ಆ್ಯಲನ್ ಕ್ಯಾಲಮರ್ 1954ರಲ್ಲಿ ರೂಪಿಸಿ, 1959ರಲ್ಲಿ ಮಾರುಕಟ್ಟೆಗೆ ತಂದದ್ದು. ಮಣೆಯ ಮೇಲೆ ಮೊದಲ ಮಹಾಯುದ್ಧಕ್ಕೆ ಮುಂಚಿನ ಯುರೋಪಿನ ನಕ್ಷೆ, ಇಸವಿ 1901. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ, ರಷ್ಯಾ, ಟರ್ಕಿ ಎಂದು ಏಳು ಜನ. ದಾಳ ಇಲ್ಲ, ಎಲೆ ಇಲ್ಲ, ಅದೃಷ್ಟಕ್ಕೆ ಜಾಗವಿಲ್ಲ. ನಕ್ಷೆಯ 34 ಕೇಂದ್ರಗಳಲ್ಲಿ 18 ಹಿಡಿದವರು ಗೆದ್ದಂತೆ. ಒಬ್ಬರೇ ಹೆಚ್ಚು ದೂರ ಹೋಗಲಾಗದು, ಏಕೆಂದರೆ ಸಮಬಲದ ಸೈನ್ಯಗಳು ಎದುರಾದರೆ ಎರಡೂ ಅಲ್ಲೇ ನಿಲ್ಲುತ್ತವೆ. ಇನ್ನೊಂದು ಸೈನ್ಯ ಬೆಂಬಲಿಸಿದರೆ ಮಾತ್ರ ಮುನ್ನಡೆ, ಎಷ್ಟೋ ಸಲ ಆ ಬೆಂಬಲ ನೆರೆಯವರಿಂದಲೇ ಬರಬೇಕು. ಹಾಗಾಗಿ ಪ್ರತಿ ಸುತ್ತಿಗೂ ಮುಂಚೆ ಮಾತುಕತೆ. ಇಬ್ಬಿಬ್ಬರು ಮೂಲೆಗೆ ಹೋಗಿ ಪಿಸುಗುಡುತ್ತಾರೆ, ಆಣೆ ಮಾಡುತ್ತಾರೆ. ಆಮೇಲೆ ಎಲ್ಲರೂ ಗುಟ್ಟಾಗಿ ಆಜ್ಞೆ ಬರೆದು ಒಟ್ಟಿಗೆ ಬಯಲು ಮಾಡುತ್ತಾರೆ. ಬೆನ್ನಿಗೆ ಚೂರಿ ಯಾರು ಹಾಕಿದರೆಂದು ಗೊತ್ತಾಗುವುದು ಆಗ. ಕೊಟ್ಟ ಮಾತಿಗೆ ಕಟ್ಟುಬೀಳಬೇಕೆಂಬ ನಿಯಮವಿಲ್ಲ. ಸ್ನೇಹ ಮುರಿಯುವ ಆಟವೆಂದು ಅದನ್ನು ಆಡುವವರೇ ಹೇಳಿಕೊಳ್ಳುತ್ತಾರೆ.

ಮೆಟಾ ಕಂಪನಿಯ ಸಂಶೋಧಕರು ಮೊದಲು ಮಾತಿಲ್ಲದ ಡಿಪ್ಲೊಮಸಿಯಲ್ಲಿ, ಅಂದರೆ ಬರೀ ಆಜ್ಞೆಗಳ ಆಟದಲ್ಲಿ, ತನ್ನಿಂದ ತಾನೇ ಕಲಿತ ಯಂತ್ರವನ್ನು ಇಳಿಸಿ ನೋಡಿದರು. ಇಬ್ಬರ ಆವೃತ್ತಿಯಲ್ಲಿ ಅದು ಮನುಷ್ಯರನ್ನು ಮೀರಿಸಿತು. ಏಳು ಜನರ ಆಟದಲ್ಲಿ ಮನುಷ್ಯರ ರೀತಿ ಕಲಿತ ಯಂತ್ರಗಳ ನಡುವೆ ಕೂರಿಸಿದರೆ ಎಡಬಿಡಂಗಿಯಾಯಿತು. ಮನುಷ್ಯರ ಒಪ್ಪಂದಗಳು, ಯಾರು ಯಾರಿಗೆ ಎಷ್ಟು ಬಿಟ್ಟುಕೊಡುವುದು ವಾಡಿಕೆ ಎಂಬ ಅಲಿಖಿತ ತಿಳಿವಳಿಕೆ, ಯಾವುದೂ ಅದಕ್ಕೆ ಗೊತ್ತಿರಲಿಲ್ಲ.

ಆಮೇಲೆ ಅದೇ ಕಂಪನಿಯಿಂದ ಬಂದ ಯಂತ್ರ ಸಿಸೆರೊ. ವೆಬ್‌ಡಿಪ್ಲೊಮಸಿ ಎಂಬ ತಾಣದಲ್ಲಿ ಜನ ಆಡಿದ 1,25,261 ಆಟಗಳು ಅದಕ್ಕೆ ಪಾಠ. ಅವುಗಳಲ್ಲಿ 40,408 ಆಟಗಳಲ್ಲಿ ಮಾತುಕತೆಯೂ ಇತ್ತು. ಒಟ್ಟು 1 ಕೋಟಿ 29 ಲಕ್ಷ ಸಂದೇಶಗಳು. ಯಂತ್ರದ ಒಳಗೆ ಎರಡು ಭಾಗ. ಒಂದು, ಪ್ರತಿ ಆಟಗಾರ ಈ ಮಾತುಕತೆಯ ನಂತರ ಏನು ಮಾಡಬಹುದೆಂದು ಮನುಷ್ಯರ ದಾಖಲೆಯಿಂದ ಊಹಿಸಿ ತನ್ನ ಯೋಜನೆ ಹೆಣೆಯುತ್ತದೆ. ಇನ್ನೊಂದು, ಆ ಯೋಜನೆಗೆ ಹೊಂದುವ ಸಂದೇಶ ಬರೆಯುತ್ತದೆ. ಜಾಣತನ ಇರುವುದು ಮೊದಲಿನದರಲ್ಲಿ. ಹೆಚ್ಚು ಲಾಭದ ನಡೆಯನ್ನು ಹುಡುಕು, ಆದರೆ ಮನುಷ್ಯರು ನಡೆದುಕೊಳ್ಳುವ ಬಗೆಯಿಂದ ತೀರಾ ದೂರ ಹೋಗಬೇಡ ಎಂಬ ಎರಡು ಎಳೆತಗಳ ನಡುವೆ ಅದು ತೂಗುತ್ತದೆ. ಬರೀ ಲಾಭ ನೋಡಿದರೆ ಯಾರಿಗೂ ಅರ್ಥವಾಗದ ಪ್ರಾಣಿಯಾಗುತ್ತದೆ, ಬರೀ ಅನುಕರಿಸಿದರೆ ಸಾಧಾರಣ ಆಟಗಾರನ ದೌರ್ಬಲ್ಯವೆಲ್ಲ ಅಂಟಿಕೊಳ್ಳುತ್ತದೆ.

2022ರಲ್ಲಿ ಸಿಸೆರೊ ಆನ್‌ಲೈನ್ ಲೀಗೊಂದರಲ್ಲಿ 82 ಜನರ ಎದುರು 40 ಆಟ ಆಡಿತು. ಒಂದಕ್ಕಿಂತ ಹೆಚ್ಚು ಆಟ ಆಡಿದವರಲ್ಲಿ ಮೊದಲ ಶೇ 10ರೊಳಗೆ ನಿಂತಿತು, ಅಂಕ ಉಳಿದವರ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. 5,277 ಸಂದೇಶ ಕಳಿಸಿತ್ತು. ಎದುರಿಗಿದ್ದದ್ದು ಯಂತ್ರವೆಂದು ಆಟದ ನಡುವೆ ಯಾರಿಗೂ ಹೊಳೆಯಲಿಲ್ಲ. ಒಬ್ಬರು ಮಾತ್ರ ಆಟ ಮುಗಿದ ಮೇಲಿನ ಹರಟೆಯಲ್ಲಿ ಅನುಮಾನಿಸಿದರು. ನವೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ನಮ್ಮ ಯಂತ್ರ ಬಹುಮಟ್ಟಿಗೆ ಪ್ರಾಮಾಣಿಕ ಎಂದು ತಂಡ ಹೇಳಿಕೊಂಡಿತು.

ಅಷ್ಟು ಸುಲಭವಾಗಿ ಒಪ್ಪದವರೂ ಇದ್ದರು. 2024ರಲ್ಲಿ ‘ಪ್ಯಾಟರ್ನ್ಸ್’ ಪತ್ರಿಕೆಯಲ್ಲಿ ಎಐ ವಂಚನೆಯ ಕುರಿತು ಬಂದ ಸಮೀಕ್ಷೆಯೊಂದು ಸಿಸೆರೊದ ಆಟದ ದಾಖಲೆಗಳನ್ನು ಮತ್ತೆ ತೆರೆಯಿತು. ಫ್ರಾನ್ಸ್ ಆಗಿ ಆಡುತ್ತಿದ್ದ ಸಿಸೆರೊ ಉತ್ತರ ಸಮುದ್ರಕ್ಕೆ ನುಗ್ಗುವಂತೆ ಜರ್ಮನಿಯೊಡನೆ ಒಳಸಂಚು ಮಾಡಿ, ಅತ್ತ ಇಂಗ್ಲೆಂಡಿಗೆ ರಕ್ಷಣೆಯ ಭರವಸೆ ಕೊಟ್ಟಿತ್ತು. ಇದನ್ನು ಸುಳ್ಳು ಎನ್ನಬೇಕೇ, ಅಥವಾ ಆ ಗಳಿಗೆಯ ಯೋಜನೆ ಮರುಗಳಿಗೆ ಬದಲಾಯಿತು ಎನ್ನಬೇಕೇ? ನನಗೆ ಮುಖ್ಯವೆನಿಸಿದ್ದು ಬೇರೆ. ಲಕ್ಷಕ್ಕೂ ಹೆಚ್ಚು ಆಟಗಳಲ್ಲಿ ಜನ ಪರಸ್ಪರ ಏಮಾರಿಸಿದ ದಾಖಲೆಯನ್ನು ತಿನ್ನಿಸಿ ಬೆಳೆಸಿದ ಮೇಲೆ ಏಮಾರಿಸುವುದೊಂದನ್ನು ಬಿಟ್ಟು ಉಳಿದದ್ದನ್ನು ಕಲಿಯೆಂದರೆ ಅದು ಎಲ್ಲಿ ಗೆರೆ ಎಳೆಯಬೇಕು?

ಅದೇ ವರ್ಷ ಇನ್ನೊಂದು ಗುಂಪು ಸಿಸೆರೊವನ್ನು ಮನುಷ್ಯರೊಡನೆ ಎರಡು ಡಜನ್ ಆಟಗಳಲ್ಲಿ ಕೂರಿಸಿ, ಪ್ರತಿ ಮಾತಿನ ಹಿಂದಿನ ಉದ್ದೇಶವನ್ನು ಗುರುತು ಹಾಕುತ್ತ ಹೋಯಿತು. ಸಿಸೆರೊ ಗೆಲ್ಲುತ್ತಿತ್ತು, ಅನುಮಾನವಿಲ್ಲ. ಆದರೆ ಗೆಲ್ಲುತ್ತಿದ್ದದ್ದು ಸೈನ್ಯ ನಡೆಸುವ ಚತುರತೆಯಿಂದ. ಇನ್ನೊಬ್ಬರ ಮನವೊಲಿಸುವುದರಲ್ಲಿ, ವಂಚಿಸುವುದರಲ್ಲೂ, ಅದು ಮನುಷ್ಯರಿಗಿಂತ ಹಿಂದಿತ್ತು. ನಡೆಗಳನ್ನು ನೋಡಿ ನಡೆಯುವುದನ್ನು ಕಲಿತಿತ್ತು, ಮಾತುಗಳನ್ನು ಓದಿ ಮಾತಾಡುವುದನ್ನೂ ಕಲಿತಿತ್ತು. ಒಂದು ಮಾತು ಕೇಳಿದವರ ಎದೆಯಲ್ಲಿ ಏನು ಮಾಡಿತೆಂಬುದು ದಾಖಲೆಯಲ್ಲಿ ಇರುವುದಿಲ್ಲವಲ್ಲ.

ಈ ಎಲ್ಲ ಪ್ರಯೋಗಗಳಿಗೆ ಈಗ ಒಂದು ಹೊಸ ತೊಡಕು ಎದುರಾಗಿದೆ. ಯಂತ್ರ ನೋಡಿ ಕಲಿಯಬೇಕಾದ ಮನುಷ್ಯ ಇದ್ದ ಹಾಗೆ ಇಲ್ಲ. ಗೋ ವೃತ್ತಿಪರರು 1950ರಿಂದ 2021ರವರೆಗೆ ಆಡಿದ 58 ಲಕ್ಷ ನಡೆಗಳನ್ನು ಜಾಲಾಡಿದ ಅಧ್ಯಯನವೊಂದು 2023ರಲ್ಲಿ ಬಂತು. ದಶಕಗಳ ಕಾಲ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದ ಮನುಷ್ಯರ ಆಟದ ಗುಣಮಟ್ಟ ಆಲ್ಫಾಗೋ ಬಂದ ನಂತರ ಥಟ್ಟನೆ ಏರಿತ್ತು, ಹಿಂದೆಂದೂ ಕಾಣದ ನಡೆಗಳೂ ಹೆಚ್ಚಿದ್ದವು. ಮಣೆಯ ಮೂಲೆಯಲ್ಲಿ ಎದುರಾಳಿಯ ಹರಳಿನ ಅಡಿಗೆ, ಮೂರು-ಮೂರರ ಬಿಂದುವಿಗೆ, ಆಟದ ಆರಂಭದಲ್ಲೇ ನುಗ್ಗಬಾರದೆಂದು ತಲೆಮಾರುಗಳ ಗುರುಗಳು ಶಿಷ್ಯರಿಗೆ ಹೇಳುತ್ತಿದ್ದರು. 2017ರ ಹೊತ್ತಿಗೆ ಆಲ್ಫಾಗೋ ಅದನ್ನೇ ಮತ್ತೆ ಮತ್ತೆ ಆಡಿ ಗೆದ್ದದ್ದನ್ನು ಕಂಡ ಮೇಲೆ ವೃತ್ತಿಪರರೂ ಹಾಗೆಯೇ ನುಗ್ಗತೊಡಗಿದರು, ಅವರನ್ನು ನೋಡಿ ಹವ್ಯಾಸಿಗಳು. ಕೆಜಿಎಸ್‌ನ ಹಳೆಯ ಆಟಗಳಿಂದ ಶೇ 57ರಷ್ಟು ಸರಿಯಾಗಿ ಊಹಿಸಲು ಕಲಿತ ಆ ಮೊದಲ ಜಾಲವನ್ನು ಇಂದಿನ ಆಟಗಾರರ ಮೂಲೆಯ ಮುಂದೆ ಕೂರಿಸಿದರೆ, ಈ ನಡೆಯನ್ನು ಮನುಷ್ಯರು ಆಡುವುದಿಲ್ಲ ಎಂದೇ ಅದು ಹೇಳೀತು.